ಮುಂಗಡ ಸ್ತೋತ್ರ

ಊರವರ ಬಟ್ಟೆ ಒಗೆಯುವವರಿಗೆ ಯಾರ ಮೇಲೂ ಪೂರ್ತಿ ನಂಬಿಕೆ ಹುಟ್ಟುವುದಿಲ್ಲ. ಇದು ನನ್ನ ಗುಣದ ದೋಷವಲ್ಲ, ಕಸುಬಿನ ದೋಷ. ಜೇಬು ತಡಕದೆ ಬಟ್ಟೆಯನ್ನು ನೀರಿಗೆ ಹಾಕುವಂತಿಲ್ಲ, ತಡಕಿದ ಕೈಗೆ ಏನೇನೋ ಸಿಗುತ್ತದೆ. ಸಿಗರೇಟು ಬಿಟ್ಟೆನೆಂದು ಚರ್ಚಿನ ಸಭೆಯ ಮುಂದೆ ಕಣ್ಣೀರು ಹಾಕಿದವನ ಜೇಬಿನಲ್ಲಿ ತಂಬಾಕಿನ ಪುಡಿ. ಪರ ಊರಿನಲ್ಲಿದ್ದೆನೆಂದು ತಮ್ಮನ ಮದುವೆ ತಪ್ಪಿಸಿಕೊಂಡವನ ಜೇಬಿನಲ್ಲಿ ಇದೇ ಊರಿನ ಸಿನಿಮಾ ಟಿಕೆಟ್ಟು. ನಾನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ಆದರೆ ಭಾನುವಾರ ಅವರೆಲ್ಲರ ನಡುವೆ ಕೂತು ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರೆ ಒಂದು ಕಣ್ಣು ತಾನಾಗಿಯೇ ತೆರೆದುಕೊಳ್ಳುತ್ತದೆ.

ನಮ್ಮದು ಸಣ್ಣ ಲಾಂಡ್ರಿ. ಮುಂದೆ ಕೌಂಟರು, ಅದರ ಹಿಂದೆ ಎರಡು ಮೆಷಿನ್ನು, ಇಸ್ತ್ರಿಯ ಮೇಜು, ಅದಕ್ಕೂ ಹಿಂದೆ ನಾವು ಮಲಗುವ ಕೋಣೆ. ಆ ಕೋಣೆಯ ಗೋಡೆ ವರ್ಷವಿಡೀ ಬೆವರುತ್ತದೆ. ಒಂದು ಕಡೆ ಬಣ್ಣ ಬಳಿದರೆ ಇನ್ನೊಂದು ಕಡೆ ಹಪ್ಪಳದಂತೆ ಏಳುತ್ತದೆ. ನನ್ನ ಆಸೆ ಕೇಳಿದರೆ ನೀವು ನಗುತ್ತೀರಿ. ನನಗೆ ಬಂಗಾರ ಬೇಡ, ಕಾರು ಬೇಡ, ಬೆನ್ನು ಆನಿಸಿ ಕೂರುವುದಕ್ಕೆ ಒಂದು ಒಣಗಿದ ಗೋಡೆ ಬೇಕು. ಇದನ್ನು ನಾನು ದೇವರಿಗೂ ಹೇಳಿದ್ದೇನೆ, ಗಂಡನಿಗೂ ಹೇಳಿದ್ದೇನೆ. ಇಬ್ಬರೂ ಸಾವಧಾನದಿಂದ ಕೇಳಿಸಿಕೊಂಡಿದ್ದಾರೆ.

ನಮ್ಮ ಮನೆಯವರನ್ನು ಎಲ್ಲರೂ ಇಸ್ತ್ರಿ ಮಾಸ್ಟರ್ ಎನ್ನುತ್ತಾರೆ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಕಸುಬು ಕಲಿತದ್ದು ಗಂಜಿಯಮ್ಮನ ಹತ್ತಿರ. ಆಕೆ ಗಂಜಿ ಹಾಕಿದ ಕರವಸ್ತ್ರ ಮೇಜಿನ ಮೇಲೆ ತಾನೇ ನೆಟ್ಟಗೆ ನಿಲ್ಲುತ್ತದೆ, ಅದಕ್ಕೇ ಆ ಹೆಸರು. ಊರಿನ ದೊಡ್ಡ ಹೋಟೆಲಿನ ಚಾದರ, ಟವಲು, ಮೇಜಿನ ಬಟ್ಟೆ ಎಲ್ಲ ಮೊದಲಿನಿಂದಲೂ ಆಕೆಯ ಕೈಯಲ್ಲೇ. ಗಂಡ ತೀರಿಕೊಂಡ ಮೇಲೆ, ಆಮೇಲೆ ಮಗನೂ ತೀರಿಕೊಂಡ ಮೇಲೆ, ಸೊಸೆಯನ್ನು ಜೊತೆಗಿಟ್ಟುಕೊಂಡು ಅದೇ ಕೆಲಸದಲ್ಲಿ ಬದುಕಿದ್ದಳು. ದಿಕ್ಕಿಲ್ಲದ ಹುಡುಗನಾಗಿದ್ದ ನಮ್ಮವರ ಕೈಗೆ ಇಸ್ತ್ರಿ ಪೆಟ್ಟಿಗೆ ಕೊಟ್ಟು ನಿಲ್ಲಿಸಿದವಳೂ ಅವಳೇ. ಇವತ್ತಿಗೂ ಇವರು ಆಕೆಯನ್ನು ದೊಡ್ಡಮ್ಮ ಎನ್ನುತ್ತಾರೆ.

ಈಗ ಪಾಸ್ಟರ್ ವಿಷಯ. ಹಳೆಯ ಪಾಸ್ಟರ್ ಬಡತನವನ್ನು ಹೊಗಳಿ ಹೊಗಳಿ ಅದು ಯಾವುದೋ ಬಹುಮಾನ ಎಂದು ನಮಗೆಲ್ಲ ಅನ್ನಿಸುವಂತೆ ಮಾಡಿದ್ದರು. ಆ ಬಹುಮಾನ ಸಭೆಯ ಹಿರಿಯರ ಮನೆಗಳಿಗೆ ಯಾಕೆ ಬರುವುದಿಲ್ಲ ಎಂದು ನಾನು ಆಗಲೂ ಅನುಮಾನಪಟ್ಟಿದ್ದೆ. ಹೊಸ ಪಾಸ್ಟರ್ ಬಂದವರೇ ಎಲ್ಲವನ್ನೂ ತಿರುವಿ ಹಾಕಿದರು.

"ನಿಮ್ಮ ತಂದೆ ರಾಜ. ರಾಜನ ಮಕ್ಕಳು ತೇಪೆ ಹಾಕ್ಕೊಂಡು ಓಡಾಡಿದ್ರೆ ಯಾರಿಗೆ ಅವಮಾನ ಹೇಳಿ? ಕೊಡಪ್ಪಾ ಕೊಡಪ್ಪಾ ಅಂತ ಗೋಗರೀಬೇಡಿ. ಕೊಟ್ಟೆಯಲ್ಲ ಅಂತ ಸ್ತೋತ್ರ ಮಾಡಿ. ಕೈಗೆ ಬರೋ ಮುಂಚೆನೇ ಮಾಡಿ. ಅನುಮಾನ ಪಟ್ಟವರಿಗೆ ಮಾತ್ರ ಸಿಗಲ್ಲ," ಎಂದರು.

ಅನುಮಾನ ಪಟ್ಟವರಿಗೆ ಎನ್ನುವಾಗ ನನ್ನನ್ನೇ ನೋಡಿದರು ಎಂದು ನನ್ನ ಅನುಮಾನ.

ಅಲ್ಲಿಂದ ಶುರುವಾಯಿತು ಮುಂಗಡ ಸ್ತೋತ್ರ. ಭಾನುವಾರದ ಎರಡು ಆರಾಧನೆಗಳಲ್ಲಿ ಎರಡನೆಯದರಲ್ಲಿ, ದೇವರ ಉಪಕಾರಕ್ಕೆ ಸಾಕ್ಷಿ ಹೇಳುವ ಹೊತ್ತು ಬಂದಾಗ ಒಬ್ಬೊಬ್ಬರಾಗಿ ಎದ್ದು, ಇನ್ನೂ ಆಗದೆ ಇರುವುದನ್ನು ಆಗಿಹೋಗಿದೆ ಎಂದು ಹೇಳಬೇಕು. ಬಸ್ಸಿನ ಡ್ರೈವರ್ ತನ್ನ ಸ್ವಂತ ಲಾರಿಗಾಗಿ ಸ್ತೋತ್ರ ಮಾಡಿದ. ಬಾಡಿಗೆ ಮನೆಯಲ್ಲಿರುವ ನರ್ಸಮ್ಮ ಸ್ವಂತ ಮನೆಯ ಬಾಗಿಲಿಗೆ ಬಳಿದ ಹಸಿರು ಬಣ್ಣವನ್ನೂ ಬಿಡದೆ ವರ್ಣಿಸಿದಳು. ಎಲ್ಲರೂ ಆಮೆನ್ ಎಂದೆವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಕೇಳಿದ್ದೆ. ನಮ್ಮ ಸಭೆಯಲ್ಲಿ ಕುಲಾವಿಯ ಅಂಗಡಿಯನ್ನೇ ತೆರೆದಿದ್ದರು. ಆದರೆ ಮೋಸವೇನೂ ಇರಲಿಲ್ಲ, ಅದು ಮುಂಗಡ ಎಂದು ಕೂತಿದ್ದವರಿಗೆಲ್ಲ ಗೊತ್ತಿತ್ತು.

ಗೊತ್ತಿಲ್ಲದವರು ಮೊದಲನೆಯ ಆರಾಧನೆಗೆ ಹೋಗುವ ವಯಸ್ಸಾದವರು. ಅವರದು ಹಳೆಯ ಪದ್ಧತಿ. ಹಳೆಯ ಹಾಡು, ಚಿಕ್ಕ ಪ್ರಸಂಗ, ಬಿಸಿಲೇರುವ ಮುಂಚೆ ಮನೆ. ಸಾಕ್ಷಿಗೀಕ್ಷಿ ಏನೂ ಇಲ್ಲ. ಗಂಜಿಯಮ್ಮ ಯಾವತ್ತೂ ಅದಕ್ಕೇ ಹೋಗುತ್ತಿದ್ದಳು.

ಒಂದು ಭಾನುವಾರ ಕಟ್ಟಡಕ್ಕೆ ಬಣ್ಣ ಹೊಡೆಯುವ ಕೆಲಸ ನಡೆದಿದ್ದರಿಂದ ಎರಡು ಆರಾಧನೆಗಳನ್ನೂ ಸೇರಿಸಿ ಒಂದೇ ಮಾಡಿದರು. ಏಣಿಗಳು ಇನ್ನೂ ಗೋಡೆಗೆ ಒರಗಿದ್ದವು, ವಾಸನೆಗೆ ಅರ್ಧ ಜನ ಮೂಗಿಗೆ ಸೆರಗು ಹಿಡಿದಿದ್ದರು. ಗಂಜಿಯಮ್ಮ ಸೊಸೆಯೊಡನೆ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಸಾಕ್ಷಿಯ ಹೊತ್ತಿಗೆ ನನ್ನ ಪಕ್ಕದಲ್ಲಿದ್ದ ನಮ್ಮವರು ಒಮ್ಮೆ ಹಿಂದಕ್ಕೆ ತಿರುಗಿ ನೋಡಿದರು. ಆಮೇಲೆ ಎದ್ದು ನಿಂತರು. ಹಿಂದೆಂದೂ ಸಭೆಯಲ್ಲಿ ಬಾಯಿ ತೆರೆಯದ ಮನುಷ್ಯ ಎದ್ದದ್ದು ನೋಡಿ ನಾನು ಕಾಲು ಜೋಮು ಹಿಡಿದಿರಬೇಕು ಅಂದುಕೊಂಡೆ.

"ದೊಡ್ಡ ಹೋಟೆಲಿನ ಬಟ್ಟೆ ಕೆಲಸ ಪೂರ್ತಿ ಈ ವರ್ಷದಿಂದ ಕರ್ತನು ನಮ್ಮ ಕೈಗೆ ಕೊಟ್ಟಿದ್ದಾನೆ. ಚಾದರ, ಟವಲು, ಮೇಜಿನ ಬಟ್ಟೆ, ಎಲ್ಲ. ಸ್ತೋತ್ರ," ಎಂದು ಕೂತರು.

ಆಮೆನ್ ಎಂದು ಸಭೆ ಗುಡುಗಿತು. ನಾನು ಅವರ ತೊಡೆ ಚಿವುಟಿದೆ.

ಹೊರಗೆ ಬಂದ ತಕ್ಷಣ ಹಿಡಿದು ನಿಲ್ಲಿಸಿದೆ. "ರೀ, ಏನ್ರೀ ಅದು?"

"ಮುಂಗಡ ಕಣೇ."

"ಮುಂಗಡಕ್ಕೆ ನಿಮಗೆ ಬೇರೆ ಹೋಟೆಲ್ ಸಿಗಲಿಲ್ವಾ? ಅದು ದೊಡ್ಡಮ್ಮನ ಕೆಲಸ ಅಲ್ವಾ? ಅವರೂ ಕೂತಿದ್ರು ಒಳಗೆ."

"ಬಾಯಿಗೆ ಬಂದಿದ್ದು ಹೇಳ್ದೆ. ಅವರಿಗೆ ತಿಳಿಸಿ ಹೇಳ್ತೀನಿ ಬಿಡು."

ಗಂಜಿಯಮ್ಮನನ್ನು ಹುಡುಕಿದೆ. ಆಗಲೇ ಹೊರಟುಹೋಗಿದ್ದಳು. ಮರುದಿನ ಕೇಳಿದರೆ ಇವರು ಹೇಳ್ತೀನಿ ಅಂದರು, ಅದರ ಮರುದಿನವೂ ಹೇಳ್ತೀನಿ ಅಂದರು. ಮೇಜಿನ ಮೇಲೆ ರಾಶಿ ಬಟ್ಟೆ ಇತ್ತು. ನಾನೂ ಹೆಚ್ಚು ಕೆದಕಲಿಲ್ಲ.

ಕೆಲವು ವಾರ ಕಳೆದು ಹೋಟೆಲಿನ ಬಟ್ಟೆಗಳ ಮೇಲ್ವಿಚಾರಕಿ ನಮ್ಮ ಕೌಂಟರಿನ ಮುಂದೆ ಬಂದು ನಿಂತಳು. ಚುರುಕಾದ ಹೆಂಗಸು, ಮಾತಾಡುತ್ತಲೇ ಕಣ್ಣಿನಲ್ಲಿ ಜಾಗ ಅಳೆಯುತ್ತಿದ್ದಳು.

"ಜಾಗ ಸ್ವಲ್ಪ ಚಿಕ್ಕದಾಯ್ತು. ಆದ್ರೂ ನಿಮ್ಮ ಕೈಕೆಲಸ ಚೆನ್ನಾಗಿದೆ ಅಂತ ಆ ಅಮ್ಮನೇ ಹೇಳಿದ್ರಲ್ಲ. ಈ ವರ್ಷದ ಕರಾರು ನಿಮ್ಮ ಜೊತೆ ಮಾಡ್ಕೋತೀವಿ," ಎಂದಳು.

"ಯಾವ ಅಮ್ಮ?"

"ಗಂಜಿಯಮ್ಮ. ಕರಾರು ಹೊಸದು ಮಾಡೋ ಹೊತ್ತಿಗೆ ಬಂದು, 'ನಮ್ಮ ಹುಡುಗನಿಗೇ ಕೊಟ್ಟಿದ್ದೀರಂತೆ, ಸಂತೋಷ' ಅಂದ್ರು. ನಾವು ಯಾರಿಗೂ ಕೊಟ್ಟಿರಲಿಲ್ಲ. ನಮ್ಮ ಮ್ಯಾನೇಜರ್ ಏನಾದ್ರೂ ಮಾತಾಡಿದಾರೇನೋ ಅಂದ್ಕೊಂಡು ನಾನು ಸುಮ್ನಾದೆ. ಆಮೇಲೆ ಕೇಳಿದ್ರೆ ಅವರಿಗೂ ಗೊತ್ತಿಲ್ಲ. ಹೋಗ್ಲಿ ಬಿಡಿ, ಬಿಡೋರೇ ಬಿಟ್ಟ ಮೇಲೆ ನಮಗೇನು?"

ಹಿಂದುಗಡೆ ಸುಟ್ಟ ವಾಸನೆ ಬಂತು. ನಮ್ಮವರ ಇಸ್ತ್ರಿ ಒಂದು ಬಿಳಿ ಅಂಗಿಯ ತೋಳಿನ ಮೇಲೆ ನಿಂತಲ್ಲೇ ನಿಂತಿತ್ತು. ಮದುವೆಯಾದಾಗಿನಿಂದ ಒಂದು ಕರವಸ್ತ್ರವನ್ನೂ ಸುಟ್ಟವರಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವರು ಅಂಗಿಯನ್ನೇ ಸುಟ್ಟುಕೊಂಡರು.

ಆದರೂ ನಿಜ ಹೇಳುತ್ತೇನೆ, ನನ್ನ ಎದೆ ಮೊದಲು ಹಾರಿದ್ದು ಸಂತೋಷಕ್ಕೆ. ಒಣಗಿದ ಗೋಡೆ ಕಣ್ಣ ಮುಂದೆ ಬಂತು. ಗಂಜಿಯಮ್ಮ ನೆನಪಾದದ್ದು ಆಮೇಲೆ.

ಕರಾರಾಯಿತು. ಗಂಜಿಯಮ್ಮ ತಾನೇ ನಮ್ಮಲ್ಲಿಗೆ ಬಂದಳು. ಹಿಂದೆ ಒಂದು ಗಾಡಿ, ಗಾಡಿಯಲ್ಲಿ ಅವಳ ರೋಲರು. ಎರಡು ಬಿಸಿ ಉರುಳೆಗಳ ನಡುವೆ ಒದ್ದೆ ಮೇಜುಬಟ್ಟೆ ಕೊಟ್ಟರೆ ಆ ಕಡೆಯಿಂದ ಕಾಗದದಂತೆ ಬರುವ ಯಂತ್ರ ಅದು. ನಮ್ಮಂಥ ಸಣ್ಣವರ ಹತ್ತಿರ ಇರುವುದಿಲ್ಲ.

"ಅಷ್ಟೊಂದು ಮೇಜಿನ ಬಟ್ಟೆ ಕೈ ಇಸ್ತ್ರೀಲಿ ಮುಗಿಸ್ತೀಯೇನೋ ಮಗನೇ? ಸೊಂಟ ಬಿದ್ದುಹೋಗುತ್ತೆ. ಇದು ನನಗಿನ್ನು ಯಾಕೆ, ಇಟ್ಕೋ. ದುಡ್ಡು ಕೈಲಾದಾಗ ಕೊಡು," ಎಂದಳು.

ನಮ್ಮವರು ನೆಲ ನೋಡುತ್ತ ನಿಂತಿದ್ದರು.

"ದೊಡ್ಡಮ್ಮ, ನಿಮಗೆ ಬೇಜಾರಿಲ್ವಾ?" ಎಂದು ನಾನೇ ಕೇಳಿದೆ.

"ಬೇಜಾರು ಇಲ್ದೇ ಇರುತ್ತಾ? ಒಂದು ಮಾತು ನನಗೆ ಮೊದಲೇ ಹೇಳಬಹುದಿತ್ತಲ್ಲ ಅನ್ನಿಸ್ತು. ಆದ್ರೆ ದೇವರ ಮನೇಲಿ ನಿಂತು ಹೇಳಿದ್ದಾನೆ. ದೇವರು ಕೊಟ್ಟಿದ್ದಕ್ಕೆ ನಾನು ಅಡ್ಡ ಬರ್ಲಾ?"

ಆಗಲೇ ನಾನು ಬಾಯಿ ಬಿಡಬೇಕಿತ್ತು. ಆದರೆ ಗಾಡಿಯವರು ಹಗ್ಗ ಬಿಚ್ಚಿ ರೋಲರನ್ನು ಕೆಳಗಿಳಿಸುತ್ತಿದ್ದರು. ಸ್ವಲ್ಪ ಬಲಕ್ಕೆ, ಬಾಗಿಲಿಗೆ ತಾಗೀತು ಎಂದು ಹೇಳುವುದಕ್ಕಷ್ಟೇ ನನ್ನ ಬಾಯಿ ತೆರೆಯಿತು.

ಕೆಲಸ ಹರಿದು ಬಂತು. ಹೋಟೆಲಿನ ಮೂಟೆಗಳಿಂದ ಮಲಗುವ ಕೋಣೆಯೂ ತುಂಬಿತು. ನಮ್ಮವರು ಮೊದಲಿಗಿಂತ ಹೆಚ್ಚು ಹೊತ್ತು ಪ್ರಾರ್ಥನೆ ಮಾಡತೊಡಗಿದರು, ಮೊದಲಿಗಿಂತ ಕಡಿಮೆ ಉಣ್ಣತೊಡಗಿದರು. ಎರಡೂ ನನಗೆ ಸರಿಕಾಣಲಿಲ್ಲ. ದೇವರು ಕೊಟ್ಟಿದ್ದನ್ನು ಉಂಡವನ ಮುಖ ಹೀಗಿರುವುದಿಲ್ಲ. ಕದ್ದು ಹಾಲು ಕುಡಿದ ಬೆಕ್ಕೂ ಇಷ್ಟು ಸೊರಗುವುದಿಲ್ಲ.

ಒಂದು ಮಧ್ಯಾಹ್ನ ಗಂಜಿಯಮ್ಮನ ಸೊಸೆ ಕೌಂಟರಿನ ಹತ್ತಿರ ಬಂದು ಸುಮ್ಮನೆ ನಿಂತಳು. ಒಗೆಯುವುದಕ್ಕೆ ಏನೂ ತಂದಿರಲಿಲ್ಲ.

"ಅಕ್ಕ, ನಿಮ್ಮಲ್ಲಿ ಕೆಲಸಕ್ಕೆ ಯಾರಾದ್ರೂ ಬೇಕಾ?"

ನಾನು ಕೈಯಲ್ಲಿದ್ದ ಬಟ್ಟೆಯನ್ನು ಕೌಂಟರಿನ ಮೇಲಿಟ್ಟೆ.

"ಬಸ್ ನಿಲ್ದಾಣದಲ್ಲಿ ನೆಲ ಒರೆಸೋಕೆ ಹೋಗ್ತಿದ್ದೆ, ಅಲ್ಲಿ ಬೇಡ ಅಂದ್ರು. ನಾನು ಬಂದಿದ್ದು ಅತ್ತೆಗೆ ಗೊತ್ತಿಲ್ಲ. ಆ ರೋಲರಿನ ಗುಣ ನನಗೆ ಗೊತ್ತಕ್ಕ. ಎಡಗಡೆ ಸ್ವಲ್ಪ ಎಳೆಯುತ್ತೆ. ಬಟ್ಟೇನ ಬಲಕ್ಕೆ ಹಿಡಿದು ಬಿಡ್ಬೇಕು. ಇಲ್ದಿದ್ರೆ ಅಂಚು ಮಡಚ್ಕೊಳ್ಳುತ್ತೆ."

ಬೆಳಗಿನಿಂದ ನನ್ನ ಮೇಜುಬಟ್ಟೆಗಳ ಅಂಚು ಮಡಚಿಕೊಳ್ಳುತ್ತಲೇ ಇತ್ತು. ಅವಳನ್ನು ಒಳಗೆ ಕರೆದು ಕೂರಿಸಿ, ಚಹಾ ಕೊಟ್ಟು, ಎರಡು ದಿನದಲ್ಲಿ ಹೇಳುತ್ತೇನೆ ಎಂದು ಕಳಿಸಿದೆ. ಅವಳ ಮನೆಯ ರೋಲರನ್ನು ನಮ್ಮ ಮನೆಯಲ್ಲಿಟ್ಟುಕೊಂಡು, ಅದರ ಮುಂದೆ ಅವಳನ್ನೇ ಕೂಲಿಗೆ ನಿಲ್ಲಿಸುವುದು ನನ್ನಿಂದ ಆಗದ ಕೆಲಸ. ಅವಳು ಮರೆಯಾಗುತ್ತಲೇ ನೇರ ಇಸ್ತ್ರಿ ಮೇಜಿಗೆ ಹೋದೆ.

"ಅವತ್ತು ಸಾಕ್ಷಿಗೆ ಏಳೋ ಮುಂಚೆ ಹಿಂದಕ್ಕೆ ತಿರುಗಿ ನೋಡಿದ್ರಲ್ಲ, ಏನು ನೋಡಿದ್ರಿ?"

"ಯಾವತ್ತು?"

"ಗೊತ್ತಿಲ್ದಿರೋ ಹಾಗೆ ಆಡ್ಬೇಡಿ."

"ಗಡಿಯಾರ ನೋಡ್ದೆ."

"ಗಡಿಯಾರ ಇರೋದು ಮುಂದಿನ ಗೋಡೆ ಮೇಲೆ."

ಅವರು ಇಸ್ತ್ರಿಯನ್ನು ಎತ್ತಿ ಅದರ ಸ್ಟ್ಯಾಂಡಿನ ಮೇಲಿಟ್ಟರು. "ಒಂದು ಕೇಳ್ಲಾ? ನಿನಗೆ ಬೇಡ್ವಾ? ಒಣ ಗೋಡೆ, ಒಣ ಗೋಡೆ ಅಂತ ಎಷ್ಟು ವರ್ಷ ನನ್ನ ಪ್ರಾಣ ತಿಂದೆ? ಬೇಕು ಅನ್ನೋದೇ ಪಾಪ ಆದ್ರೆ ಈ ಮನೇಲಿ ನನಗಿಂತ ದೊಡ್ಡ ಪಾಪಿ ನೀನು. ಈಗ ಬೈಬಲಿನ ಒಂಟೆ, ಸೂಜಿ ಕಣ್ಣು, ಸ್ವರ್ಗಕ್ಕೆ ಹೋಗದ ಸಾಹುಕಾರ ಅಂತ ಶುರು ಮಾಡ್ಬೇಡ."

"ಬೇಕು ಅನ್ನೋದು ಪಾಪ ಅಂತ ನಾನೆಲ್ಲಿ ಅಂದೆ? ನನಗೂ ಬೇಕು. ಯಾರದ್ದು ಬೇಕು ಅಂದ್ರಿ, ಅದನ್ನ ಕೇಳ್ತಿದ್ದೀನಿ."

ಇಸ್ತ್ರಿ ಮತ್ತೆ ಓಡಾಡತೊಡಗಿತು. ಮೂವತ್ತು ಸಲ ತಿರುವಿ ಕೇಳಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಒಂದು ಹೇಳುವ ಮನುಷ್ಯ. ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಇಷ್ಟು ವರ್ಷ ಊರವರ ಜೇಬು ತಡಕಿದವಳು ನನ್ನ ಗಂಡನ ಜೇಬನ್ನು ಯಾವತ್ತೂ ತಡಕಿರಲಿಲ್ಲ. ತಡಕಬೇಕೆಂದು ಅನ್ನಿಸಿರಲೇ ಇಲ್ಲ.

ಮಾರನೆಯ ದಿನ ಪಾಸ್ಟರ್ ಅವರ ಅಂಗಿಗಳನ್ನು ನಾನೇ ತಲುಪಿಸಲು ಹೋದೆ. ಅವರ ಮೇಲೂ ನನಗೆ ಅನುಮಾನವಿತ್ತು. ರಾಜನ ಮಕ್ಕಳು ಎನ್ನುವವರ ಮನೆ ಅರಮನೆಯಂತಿರಬೇಕಲ್ಲ? ನೋಡಿದರೆ ಒಂದು ಕೋಣೆ, ಒಂದು ಮಂಚ, ಕೆಟ್ಟ ಫ್ಯಾನು. ಅವರ ಅಂಗಿಗಳ ಕಥೆ ನನಗೆ ಮೊದಲೇ ಗೊತ್ತಿತ್ತು. ದೂರದಿಂದ ಬೆಲೆಬಾಳುವಂತೆ ಕಂಡರೂ, ಸವೆದ ಕಾಲರನ್ನು ಬಿಚ್ಚಿ ಒಳಮಗ್ಗುಲು ಹೊರಗೆ ಮಾಡಿ ಹೊಲಿದದ್ದು. ಸುಳ್ಳುಗಾರನಾಗಿದ್ದರೆ ಕಾಲರು ಹೊಸದಿರುತ್ತಿತ್ತು. ಈ ಮನುಷ್ಯ ಹೇಳುವುದನ್ನೆಲ್ಲ ನಂಬಿದ್ದಾನೆ ಎಂದು ನನಗೆ ಅಲ್ಲೇ ಖಾತ್ರಿಯಾಯಿತು. ಸುಳ್ಳುಗಾರನ ಜೊತೆ ವಾದ ಮಾಡಬಹುದು, ನಂಬಿದವನ ಜೊತೆ ಕಷ್ಟ.

"ಪಾಸ್ಟರ್, ಮುಂಗಡ ಸ್ತೋತ್ರ ಕೇಳಿ ಯಾರಾದ್ರೂ ಅದನ್ನ ನಿಜ ಅಂದ್ಕೊಂಡ್ರೆ ಏನು ಗತಿ?"

"ನಿಜಾನೇ ಅಲ್ವಾ ಅಕ್ಕ? ನಿಮ್ಮಲ್ಲೇ ನಿಜ ಆಯ್ತಲ್ಲ."

"ಅದರಿಂದ ಇನ್ನೊಬ್ಬರ ಅನ್ನ ಹೋದ್ರೆ?"

"ಒಂದು ಬಾಗಿಲು ಮುಚ್ಚಿದ್ರೆ ದೇವರು ಅವರಿಗೆ ಇನ್ನೊಂದು ತೆಗೀತಾರೆ."

"ತೆಗೆದಿದ್ದಾರೆ. ನಮ್ಮ ಲಾಂಡ್ರಿ ಬಾಗಿಲು. ಗಂಜಿಯಮ್ಮನ ಸೊಸೆ ಕೂಲಿ ಕೇಳ್ಕೊಂಡು ಬಂದಿದ್ಲು."

ಅವರ ಮುಖ ಒಂದು ಗಳಿಗೆ ಬಾಡಿತು. ಆಮೇಲೆ ಅರಳಿತು. "ನೋಡಿ ಅಕ್ಕ! ಅವಳಿಗೂ ಕೆಲಸ ಸಿಕ್ತು!"

ನಾನು ಕೈಚೀಲ ಮಡಚಿಕೊಂಡು ಎದ್ದೆ. ಅವರು ಬಾಗಿಲ ತನಕ ಬಂದರು. ಬಣ್ಣದ ಕೆಲಸ ಮುಗಿದದ್ದಕ್ಕೆ ಈ ಭಾನುವಾರ ಎರಡೂ ಆರಾಧನೆಗಳು ಮತ್ತೆ ಒಟ್ಟಿಗೆಯಂತೆ. ಹಿರಿಯರೂ ಇರುತ್ತಾರೆ, ಮಾಸ್ಟರ್ ಎದ್ದು ನಿಂತು, ಮುಂಗಡವಾಗಿ ಹೇಳಿದ್ದು ಹೇಗೆ ಕೈಗೂಡಿತು ಎಂದು ಎಲ್ಲರಿಗೂ ತಿಳಿಯುವಂತೆ ಸಾಕ್ಷಿ ಹೇಳಬೇಕಂತೆ.

ಮನೆಗೆ ಬಂದು ಗಂಡನಿಗೆ ಅದನ್ನು ತಿಳಿಸಿದೆ. ಆಮೇಲೆ ಇಷ್ಟೇ ಹೇಳಿದೆ: "ನೀವು ನಿಜ ಹೇಳಿ. ಇಲ್ಲಾಂದ್ರೆ ನಾನು ಎದ್ದು ಹೇಳ್ತೀನಿ."

"ನಿಜ ಏನು ಅಂತ ನಿನಗೆ ಗೊತ್ತಾ?"

"ಗೊತ್ತಿಲ್ಲ. ಅದಕ್ಕೇ ನೀವೇ ಹೇಳಿ ಅಂತಿರೋದು."

ಭಾನುವಾರ ಸಭೆ ತುಂಬಿತ್ತು. ಹೊಸ ಬಣ್ಣದ ಗೋಡೆಗಳು ಹೊಳೆಯುತ್ತಿದ್ದವು. ಗಂಜಿಯಮ್ಮ ಮತ್ತದೇ ಕೊನೆಯ ಬೆಂಚಿನಲ್ಲಿ. ಪಾಸ್ಟರ್ ಕೈ ತೋರಿಸಿ ನಮ್ಮವರನ್ನು ಮುಂದಕ್ಕೆ ಕರೆದರು. ಇವರು ಮುಂದೆ ಹೋಗಲಿಲ್ಲ. ಇದ್ದಲ್ಲೇ ಎದ್ದು ನಿಂತರು.

"ಹೋಟೆಲ್ ಕೆಲಸ ನಮಗೆ ಸಿಕ್ಕಿದೆ," ಎಂದರು.

"ಹಲ್ಲೆಲೂಯ!" ಎಂದರು ಪಾಸ್ಟರ್. ಸಭೆಯೂ ಎಂದಿತು.

"ನಾನು ಅವತ್ತು ಹೇಳಿದಾಗ ಸಿಕ್ಕಿರಲಿಲ್ಲ."

"ಅದೇ ನಂಬಿಕೆ! ಕೇಳಿಸ್ಕೊಳ್ಳಿ ಎಲ್ಲರೂ. ಸಿಗೋ ಮುಂಚೆ ಬಾಯಿಂದ ಅಂದ್ರು, ಕರ್ತನು ಕೈಗೆ ಕೊಟ್ಟನು!"

"ಅಲ್ಲ ಪಾಸ್ಟರ್," ಎಂದರು ನಮ್ಮವರು. ಅವರು ದನಿ ಎತ್ತಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. "ನಂಬಿಕೆ ಅಲ್ಲ. ದೊಡ್ಡಮ್ಮ ಹಿಂದೆ ಕೂತಿದ್ದಾರಾ ಅಂತ ತಿರುಗಿ ನೋಡಿ, ಕೂತಿದ್ದಾರೆ ಅಂತ ಗೊತ್ತಾದ ಮೇಲೆ ಹೇಳ್ದೆ. ಮುಂಗಡದ ವಿಷಯ ಅವರಿಗೆ ಗೊತ್ತಿಲ್ಲ ಅಂತ ನನಗೆ ಗೊತ್ತಿತ್ತು. ದೇವರ ಮನೇಲಿ ಆಡಿದ ಮಾತನ್ನ ಅವರು ಸುಳ್ಳು ಅಂದ್ಕೊಳ್ಳಲ್ಲ ಅಂತಾನೂ ಗೊತ್ತಿತ್ತು. ನನಗೆ ಪ್ರಾರ್ಥನೆ ಕಲಿಸಿದ್ದೇ ಅವರು. ದೇವರನ್ನ ಏನೂ ಕೇಳಲಿಲ್ಲ ನಾನು. ಅವರಿಗೆ ಕೇಳಿಸಲಿ ಅಂತ ಹೇಳ್ದೆ."

ಯಾರೂ ಆಮೆನ್ ಅನ್ನಲಿಲ್ಲ. ಯಾರೋ ಕೆಮ್ಮಿದರು. ಮುಂಗಡ ಮಾಡಿದ್ದ ಲಾರಿಯವನು, ಹಸಿರು ಬಾಗಿಲಿನವಳು ಎಲ್ಲ ತಂತಮ್ಮ ಕಾಲಿನ ಬೆರಳು ನೋಡಿಕೊಂಡರು. ಪಾಸ್ಟರ್ ಕೈ ಮೇಲೆತ್ತಿದವರು ಇಳಿಸುವುದನ್ನು ಮರೆತಿದ್ದರು, ಆಮೇಲೆ ಮೆಲ್ಲಗೆ ಒಂದು ಹಾಡು ಶುರು ಮಾಡಿದರು. ಅರ್ಧ ಜನ ಹಾಡಿದರು.

ನಾನು ಅಂದುಕೊಂಡಿದ್ದೇ ಸರಿಯಾಗಿತ್ತು. ನನ್ನ ಬಾಳಿನಲ್ಲಿ ಎಷ್ಟೋ ಅನುಮಾನಗಳು ನಿಜವಾಗಿವೆ, ಪ್ರತಿ ಸಲವೂ ಒಳಗೊಳಗೇ ಹಿಗ್ಗಿದ್ದೇನೆ. ಈ ಸಲ ಮಾತ್ರ, ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ. ಪಕ್ಕದಲ್ಲಿ ಕೂತ ಗಂಡಸು ಹಾಡಿನ ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದ. ಅವನ ಮೇಲೆ ಅಸಹ್ಯವೂ ಆಯಿತು, ಕೈ ಹಿಡಿದುಕೊಳ್ಳಬೇಕೆಂದೂ ಅನ್ನಿಸಿತು. ಹಿಡಿದುಕೊಳ್ಳಲಿಲ್ಲ.

ಹೊರಗೆ ಮೆಟ್ಟಿಲ ಹತ್ತಿರ ಗಂಜಿಯಮ್ಮ ಕಾಯುತ್ತಿದ್ದಳು. ಸೊಸೆಯ ತೋಳು ಹಿಡಿದಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ನನ್ನ ಮುಖ ನೋಡಿ ಹೇಳ್ದೆಯಾ?" ಎಂದು ಕೇಳಿದಳು.

"ಹೂಂ ದೊಡ್ಡಮ್ಮ."

"ಅವತ್ತು ಮನೆಗೆ ಹೋಗಿ ನಿನಗೋಸ್ಕರ ಪ್ರಾರ್ಥನೆ ಮಾಡ್ದೆ ಕಣೋ. ಹುಡುಗ ಉದ್ಧಾರ ಆದ ಅಂತ."

ನಮ್ಮವರು ಕೈ ಮುಗಿದು, "ನಾಳೆ ಹೋಟೆಲಿಗೆ ಹೋಗಿ ಎಲ್ಲಾ ಹೇಳ್ತೀನಿ. ಕೆಲಸ ನಿಮಗೇ ಬರುತ್ತೆ. ರೋಲರೂ ಬರುತ್ತೆ. ಬಂತು ಅಂತಾನೇ ತಿಳ್ಕೊಳ್ಳಿ," ಎಂದರು.

ಗಂಜಿಯಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹೋಗು. ಹೇಳು. ಹೇಳಿ ಆದ ಮೇಲೆ ಬಂದು ನನಗೆ ತಿಳಿಸು. ಅದಕ್ಕೆ ಮುಂಚೆ ಏನೂ ಹೇಳ್ಬೇಡ. ನನಗಿನ್ನು ನಂಬೋಕಾಗಲ್ಲ."

ಸೊಸೆ ಅವಳನ್ನು ನಿಧಾನಕ್ಕೆ ಮೆಟ್ಟಿಲಿಳಿಸಿ ಕರೆದುಕೊಂಡು ಹೋದಳು.

ನಾವಿಬ್ಬರೂ ಮನೆಯ ದಾರಿ ಹಿಡಿದೆವು. ನನ್ನೊಳಗೆ ಒಂದು ಯೋಚನೆ ಎದ್ದಿತ್ತು, ಅದನ್ನು ಒತ್ತಿ ಕೂರಿಸಲು ನೋಡಿದೆ, ಕೂರಲಿಲ್ಲ.

"ರೀ, ಹೋಟೆಲಿನವರು ಬೇಡ, ಕರಾರು ಆಗಿಹೋಗಿದೆ, ನೀವೇ ಇಟ್ಕೊಳ್ಳಿ ಅಂದ್ರೆ?"

ಅವರು ನಿಂತುಬಿಟ್ಟರು. "ನೀನೂ ಅದೇ ಯೋಚನೆ ಮಾಡ್ತಿದ್ದೀಯಾ?"

"ಮಾಡ್ತಿದ್ದೀನಿ. ಗೋಡೆ ಬೇಕು ನನಗೆ. ಇವತ್ತೂ ಬೇಕು. ಅವರು ಹಾಗಂತ ಅಂದ್ಬಿಡ್ಲಿ ದೇವರೇ ಅಂತ ಕೇಳ್ತಾ ಬರ್ತಿದ್ದೀನಿ ಇಲ್ಲಿವರೆಗೂ."

"ನಾಳೆವರೆಗೆ ಬಿಟ್ರೆ ನಾನು ಹೇಳಲ್ಲ ಕಣೇ. ನನಗೆ ಗೊತ್ತು."

"ನಾನೂ ಹೇಳಿಸಲ್ಲ," ಎಂದೆ. "ನನ್ನ ಮೇಲೂ ನಂಬಿಕೆ ಇಲ್ಲ ನನಗೆ. ಈಗಲೇ ನಡೀರಿ."

ಭಾನುವಾರದ ಬಟ್ಟೆಯಲ್ಲೇ ಹೋಟೆಲಿನ ಕಡೆಗೆ ತಿರುಗಿದೆವು. ಹಿಂಬಾಗಿಲಿನಲ್ಲಿ ಸಾಮಾನು ಇಳಿಸುವವರು ಬಿಟ್ಟರೆ ಯಾರೂ ಇರಲಿಲ್ಲ. ನಾನು ಹೊರಗೇ ನಿಂತೆ, ಅವರು ಒಳಗೆ ಹೋದರು. ಒಳಗೆ ಹೋಗುವಾಗ ತಿರುಗಿ ನನ್ನನ್ನು ನೋಡಿದರು, ನಾನು ಹೋಗಿ ಎಂದು ತಲೆಯಾಡಿಸಿದೆ. ಬಹಳ ಹೊತ್ತಾಯಿತು ಅನ್ನಿಸಿತು. ಹೊರಬಂದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ.

"ಹೇಳ್ದೆ. ದೊಡ್ಡಮ್ಮನ್ನ ವಾಪಸ್ ಕರೀತಾರಂತೆ. ನಮ್ಮ ಕರಾರು ಹರಿದು ಹಾಕ್ತಾರಂತೆ," ಎಂದರು.

ನಂಬಬೇಕು ಅನ್ನಿಸಿತು. ನಂಬಿದ್ದರೆ ಅವರಿಗೂ ಸಮಾಧಾನವಾಗುತ್ತಿತ್ತು. ಆದರೆ ಕಾಲು ಕೇಳಲಿಲ್ಲ. ಅವರನ್ನು ಅಲ್ಲೇ ನಿಲ್ಲಿಸಿ ಒಳಗೆ ಹೋಗಿ ಮೇಲ್ವಿಚಾರಕಿಯನ್ನು ಹುಡುಕಿದೆ. ಆಕೆ ಚಾದರಗಳನ್ನು ಕಪಾಟಿನಲ್ಲಿ ಇಡಿಸುತ್ತಿದ್ದಳು. ನಮ್ಮ ಯಜಮಾನರು ಏನು ಹೇಳಿದರು ಎಂದು ಕೇಳಿದೆ. ಆಕೆ ನನ್ನನ್ನು ವಿಚಿತ್ರವಾಗಿ ನೋಡಿ ಎಲ್ಲವನ್ನೂ ಹೇಳಿದಳು. ಕೊನೆಗೆ, "ಗಂಡ ಹೆಂಡ್ತಿ ಇಬ್ಬರಿಗೂ ತಲೆ ಕೆಟ್ಟಿದೆಯಾ? ಕೈಗೆ ಬಂದ ತುತ್ತನ್ನ ಯಾರಾದ್ರೂ ಹೀಗೆ ಚೆಲ್ತಾರಾ?" ಎಂದಳು.

ಹೊರಗೆ ಬಂದೆ. ನಾನು ಯಾಕೆ ಒಳಗೆ ಹೋದೆ ಎಂದು ಅವರಿಗೆ ಗೊತ್ತಿತ್ತು. ಬೇಜಾರು ಮಾಡಿಕೊಂಡಿರಲಿಲ್ಲ. ಗೇಟಿನ ಕಂಬ ಹಿಡಿದುಕೊಂಡು ನಿಂತಿದ್ದರು. ನನ್ನ ಮುಖವನ್ನೇ ನೋಡುತ್ತ, ಸಣ್ಣ ದನಿಯಲ್ಲಿ, "ಹೇಳಿದ್ದೀನಾ?" ಎಂದು ಕೇಳಿದರು.

"ಹೇಳಿದ್ದೀರಿ," ಎಂದೆ.

ಅವರು ಮುಖ ಮುಚ್ಚಿಕೊಂಡು ಅತ್ತರು. ನನಗೂ ಅಳು ಬಂತು, ಅರ್ಧ ಅವರಿಗಾಗಿ, ಅರ್ಧ ಗೋಡೆಗಾಗಿ. ಕಣ್ಣೊರೆಸಿಕೊಂಡು ಗಂಜಿಯಮ್ಮನ ಮನೆಯ ಕಡೆ ನಡೆದೆವು.